ಚೀಟಿಯಲ್ಲಿ ಬಿಸಿಲಿನ ಹೆಸರಿಲ್ಲ

ಹುಬ್ಬಳ್ಳಿ-ಧಾರವಾಡದವರಿಗೆ ಬಿಸಿಲಿನ ಬಗ್ಗೆ ದೂರು ಹೇಳೋಕೆ ಸ್ವಲ್ಪ ಸಂಕೋಚ. ರಾಯಚೂರಿನ ಬೀಗರ ಮುಂದೆ ‘ಈ ಸಲ ಬಿಸಲು ಭಾಳ ಐತ್ರಿ’ ಅಂದು ನೋಡಿ. ನಕ್ಕುಬಿಡುತ್ತಾರೆ. ‘ನಿಮ್ಮೂರಾಗ ಬಿಸಲು ಎಲ್ಲೈತ್ರಿ?’ ಅನ್ನುತ್ತಾರೆ. ಧಾರವಾಡ ಅಂದರೆ ಮಲೆನಾಡಿನ ಸೆರಗು, ಪಿಂಚಣಿದಾರರ ತಂಪು ಊರು. ಈ ಹೆಸರು ಹಳೆಯದು. ನಾವೂ ಅದನ್ನು ಪ್ರೀತಿಯಿಂದ ಉಳಿಸಿಕೊಂಡು ಬಂದಿದ್ದೇವೆ. ಏಪ್ರಿಲ್ ಮಧ್ಯಾಹ್ನ ಬೆವರು ಒರೆಸಿಕೊಳ್ಳುತ್ತಲೇ ‘ತಡೀರಿ, ಸಂಜೀಕ ಗಾಳಿ ಬಿಡತದ’ ಅಂತ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುತ್ತೇವೆ.

ಗಾಳಿ ಬಿಡುತ್ತದೆ, ಸುಳ್ಳಲ್ಲ. ಆದರೆ ಈ ತಂಪು ಊರು ಅನ್ನೋ ಹೆಸರಿಂದಲೇ ನಮಗೆ ಅಪಾಯ ಅಂತ ಈಚೆಗೆ ಅನ್ನಿಸುತ್ತಿದೆ.

ಹವಾಮಾನ ಇಲಾಖೆಯ ಲೆಕ್ಕ ಹೀಗಿದೆ. ಬಯಲು ನಾಡಿನಲ್ಲಿ ‘ಬಿಸಿಗಾಳಿ’ ಅಂತ ಘೋಷಣೆ ಆಗಬೇಕಾದರೆ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಬೇಕು. ಜತೆಗೆ ಆ ಊರಿನ ಮಾಮೂಲಿಗಿಂತ 4.5 ಡಿಗ್ರಿ ಜಾಸ್ತಿ ಇರಬೇಕು. ಇಲ್ಲವೇ ನೇರ 45 ದಾಟಬೇಕು. ಹುಬ್ಬಳ್ಳಿಯಲ್ಲಿ ವಾರಗಟ್ಟಲೆ 38, 39 ಇದ್ದರೂ ಅದು ಬಿಸಿಗಾಳಿ ಅಲ್ಲ. ಘೋಷಣೆ ಇಲ್ಲ, ಹಾಗಾಗಿ ಗಾಬರಿಯೂ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬದಲಾಗುವುದು ಕಲಬುರಗಿ ವಿಭಾಗದಲ್ಲಿ, ಮತ್ತೆ ನಮ್ಮ ಬೆಳಗಾವಿ ವಿಭಾಗದ ವಿಜಯಪುರ, ಬಾಗಲಕೋಟೆಯಲ್ಲಿ. ಅಲ್ಲಿ ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತದೆ. ಗದಗ ಜಿಲ್ಲೆಯ ರೋಣದಿಂದ ಬಾಗಲಕೋಟೆಯ ಬಾದಾಮಿಗೆ ಬಸ್ಸಿನಲ್ಲಿ ಹೋದವರಿಗೆ ಗೊತ್ತು, ಜಿಲ್ಲೆ ಯಾವಾಗ ಬದಲಾಯಿತು ಅಂತ ತಿಳಿಯುವುದೇ ಇಲ್ಲ. ಬಿಸಿಲಿಗೆ ತಿಳಿಯುತ್ತದೆಯೇ?

ತಂಪು ಊರಿನವರು ಬಿಸಿಲಿಗೆ ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕಥೆ ಇದೆ. ಅದು ಕಾಡು, ಕಡಲು, ಹಿಮದ ಜಾಗ. 2021ರ ಜೂನ್ ಕೊನೆಯ ವಾರ ಅಲ್ಲಿನ ಲಿಟ್ಟನ್ ಅನ್ನುವ ಪುಟ್ಟ ಊರಿನಲ್ಲಿ 49.6 ಡಿಗ್ರಿ ಆಯಿತು. ಆ ಒಂದು ವಾರದ ಸೆಕೆಗೆ ಪ್ರಾಂತ್ಯದಲ್ಲಿ 619 ಜನ ಸತ್ತರು ಅಂತ ಆಮೇಲೆ ತನಿಖೆಯಲ್ಲಿ ಗೊತ್ತಾಯಿತು. ಬಹುಪಾಲು ವಯಸ್ಸಾದವರು. ಅರ್ಧಕ್ಕಿಂತ ಜಾಸ್ತಿ ಮಂದಿ ಒಂಟಿಯಾಗಿ ಇದ್ದವರು. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಅಂಕಿ: ಸತ್ತವರಲ್ಲಿ 98 ಶೇಕಡಾ ಜನ ಇದ್ದದ್ದು ಮನೆಯೊಳಗೆ. ರಸ್ತೆಯಲ್ಲಲ್ಲ, ಹೊಲದಲ್ಲಲ್ಲ. ತುರ್ತು ಕರೆ ಮಾಡಿದ ಎಷ್ಟೋ ಜನ ಫೋನ್ ಹಿಡಿದುಕೊಂಡೇ ಕಾಯಬೇಕಾಯಿತು, ಆಂಬುಲೆನ್ಸ್‌ಗಳು ತಡವಾದವು. ದುಡ್ಡಿರುವ ದೇಶ, ಒಳ್ಳೆಯ ರಸ್ತೆ, ಒಳ್ಳೆಯ ಆಸ್ಪತ್ರೆ. ಆದರೆ ಸೆಕೆ ತಮ್ಮ ಊರಿಗೂ ಬರುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ.

ನಮ್ಮ ಓಣಿಯಲ್ಲಿ 108ರ ಗಾಡಿ ಓಡಿಸುವ ಹುಡುಗ ಇದ್ದಾನೆ. ಅವರಲ್ಲಿ ಅವನಿಗೆ ಡ್ರೈವರ್ ಅನ್ನುವುದಿಲ್ಲ, ಪೈಲಟ್ ಅನ್ನುತ್ತಾರೆ. 2008ರ ನವೆಂಬರ್ 1ಕ್ಕೆ ‘ಆರೋಗ್ಯ ಕವಚ’ ಅಂತ ರಾಜ್ಯದಲ್ಲಿ ಈ ಸೇವೆ ಶುರುವಾದಾಗ ಅವನಿನ್ನೂ ಸಾಲಿಗೆ ಹೋಗುತ್ತಿದ್ದ. ಬೇಸಿಗೆಯಲ್ಲಿ ಕರೆಗಳು ಜಾಸ್ತಿ ಬರುತ್ತವಾ ಅಂತ ಕೇಳಿದೆ.

‘ಬರ್ತಾವ್ರೀ ಅಕ್ಕಾರ. ಆದ್ರ ಬಿಸಲು ಬಡದೈತಿ ಅಂತ ಯಾರೂ ಫೋನ್ ಮಾಡೂದಿಲ್ಲ. ಚಕ್ಕರ್ ಬಂದು ಬಿದ್ದಾರ್ರೀ ಅಂತಾರ, ಎದಿ ಹಿಡದೈತಿ ಅಂತಾರ, ಮಾತ ಒಡಮುರಿ ಆಗ್ಯಾವ ಅಂತಾರ. ನಾವು ಅದನ್ನ ಬರಕೊಂತೀವಿ. ದವಾಖಾನ್ಯಾಗೂ ಅದನ್ನ ಬರಕೊಂತಾರ.’

ನಾನು ಹೇಳಬೇಕು ಅಂದುಕೊಂಡಿದ್ದನ್ನು ಅವನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ.

ಬಿಸಿಲಲ್ಲಿ ಮೈ ಏನು ಮಾಡುತ್ತದೆ ನೋಡಿ. ಮಣ್ಣಿನ ಹರವಿಯ ನೀರು ಹೇಗೆ ತಣ್ಣಗಾಗುತ್ತದೋ ಮೈಯೂ ಹಾಗೇ ತಣ್ಣಗಾಗುತ್ತದೆ. ಹೊರಗೆ ಜಿನುಗಿದ ನೀರು ಆರುತ್ತಾ ಒಳಗಿನ ಬಿಸಿಯನ್ನು ಒಯ್ಯುತ್ತದೆ. ಇದಕ್ಕಾಗಿ ರಕ್ತ ಚರ್ಮದ ಕಡೆಗೆ ಹರಿಯಬೇಕು, ಅಂದರೆ ಹೃದಯ ಜಾಸ್ತಿ ಬಡಿಯಬೇಕು. ಬೆವರಿನಲ್ಲಿ ನೀರು, ಉಪ್ಪು ಹೋಗುತ್ತದೆ. ರಕ್ತ ಗಟ್ಟಿಯಾಗುತ್ತದೆ. ಕಿಡ್ನಿಗೆ ರಕ್ತ ಕಮ್ಮಿಯಾಗುತ್ತದೆ. ಗಟ್ಟಿಮುಟ್ಟಾದವರು ಇದನ್ನು ತಡೆದುಕೊಳ್ಳುತ್ತಾರೆ. ಮೊದಲೇ ಹೃದಯ ಸೋತವರಿಗೆ ಅದೇ ಮಧ್ಯಾಹ್ನ ಹೃದಯಾಘಾತ ಆಗುತ್ತದೆ. ಬಿಪಿ ಇದ್ದವರಿಗೆ ಲಕ್ವ ಹೊಡೆಯುತ್ತದೆ. ಸಕ್ಕರೆ ಕಾಯಿಲೆಯವರ ಕಿಡ್ನಿ ಕೈಕೊಡುತ್ತದೆ. ಕೇಸ್ ಪೇಪರ್ ಮೇಲೆ ಹೃದಯ, ಲಕ್ವ, ಕಿಡ್ನಿ ಅಂತ ಇರುತ್ತದೆ. ಅದೇನೂ ತಪ್ಪಲ್ಲ. ಆದರೆ ಅವತ್ತೇ ಯಾಕೆ ಆಯಿತು ಅನ್ನುವುದಕ್ಕೆ ಆ ಕಾಗದದಲ್ಲಿ ಜಾಗ ಇಲ್ಲ.

ಗುಳಿಗೆಗಳದ್ದೂ ಒಂದು ಪಾಲಿದೆ. ಬಿಪಿಗೆ, ಕಾಲು ಬಾವಿಗೆ ಕೊಡುವ ಕೆಲವು ಗುಳಿಗೆಗಳು ಮೈಯಿಂದ ನೀರು ಹೊರಗೆ ಹಾಕುತ್ತವೆ. ಕೆಲವು ಹೃದಯದ ಬಡಿತ ಏರದಂತೆ ಹಿಡಿಯುತ್ತವೆ. ಮಾನಸಿಕ ಕಾಯಿಲೆಯ ಕೆಲವು ಔಷಧಿಗಳು ಬೆವರನ್ನೇ ತಡೆಯುತ್ತವೆ. ಆ ಕೆನಡಾದ ವಾರದಲ್ಲಿ ಸತ್ತವರಲ್ಲಿ ಸ್ಕಿಜೋಫ್ರೇನಿಯಾ ಇದ್ದವರ ಪಾಲು ಊಹೆಗೂ ಮೀರಿತ್ತು. ನಮ್ಮಲ್ಲಿ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಸುತ್ತಲಿನ ಜಿಲ್ಲೆಗಳಿಂದ ಜನ ಬರುತ್ತಾರೆ, ತಿಂಗಳ ಗುಳಿಗೆ ಕಟ್ಟಿಸಿಕೊಂಡು ಬಸ್ಸು ಹತ್ತುತ್ತಾರೆ. ಅಂಥವರು ಮನೆಯಲ್ಲಿದ್ದರೆ ಬೇಸಿಗೆಯಲ್ಲಿ ಅವರ ಮೇಲೆ ಒಂದು ಕಣ್ಣು ಇಡಬೇಕು. ಹಾಗಂತ ಗುಳಿಗೆ ನಿಲ್ಲಿಸಬಾರದು. ನೀರು ಕುಡಿಸಬೇಕು, ನೆರಳಲ್ಲಿ ಕೂರಿಸಬೇಕು, ಡಾಕ್ಟರನ್ನು ಒಮ್ಮೆ ಕೇಳಬೇಕು. ವಯಸ್ಸಾದವರದ್ದು ಇನ್ನೊಂದು ಪೇಚು. ಅವರಿಗೆ ನೀರಡಿಕೆಯೇ ಸರಿಯಾಗಿ ಗೊತ್ತಾಗುವುದಿಲ್ಲ. ‘ನೀರು ಬೇಕೇನು?’ ಅಂತ ಕೇಳಿದರೆ ಬೇಡ ಅಂತಾರೆ. ಕೇಳಬಾರದು, ತಂದು ಕೈಗೆ ಕೊಡಬೇಕು.

ಚೀಟಿಯಲ್ಲಿ ಬರೆಯದ ಸಾವನ್ನು ಎಣಿಸುವುದು ಹೇಗೆ? ದಾರಿ ಇದೆ. ಅಹಮದಾಬಾದಿನವರು ಮಾಡಿ ತೋರಿಸಿದ್ದಾರೆ. 2010ರ ಮೇ ತಿಂಗಳಲ್ಲಿ ಅಲ್ಲಿ 46.8 ಡಿಗ್ರಿ ಆಗಿತ್ತು. ಬಿಸಿಲಿನಿಂದ ಅಂತ ದಾಖಲಾದ ಸಾವು ಬಹಳ ಕಮ್ಮಿ. ಆಮೇಲೆ ತಜ್ಞರು ಕೂತು, ಆ ತಿಂಗಳು ಊರಿನಲ್ಲಿ ಒಟ್ಟು ಎಷ್ಟು ಜನ ಸತ್ತರು, ಅಕ್ಕಪಕ್ಕದ ವರ್ಷಗಳ ಮೇನಲ್ಲಿ ಎಷ್ಟು ಜನ ಸತ್ತಿದ್ದರು ಅಂತ ಹೋಲಿಸಿದರು. 1,344 ಸಾವು ಜಾಸ್ತಿ ಬಂತು. ಯಾರ ಚೀಟಿಯಲ್ಲೂ ಬಿಸಿಲು ಇಲ್ಲದಿದ್ದರೂ ಮಸಣದ ಲೆಕ್ಕದಲ್ಲಿ ಇತ್ತು.

ಆ ಅಂಕಿ ಬಂದ ಮೇಲೆ ಅಲ್ಲಿ ಕೆಲಸ ಶುರುವಾಯಿತು. 2013ರಲ್ಲಿ ಅಹಮದಾಬಾದ್ ಪಾಲಿಕೆ ಬಿಸಿಲಿಗಾಗಿಯೇ ಒಂದು ಯೋಜನೆ ಮಾಡಿತು. ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. ಮುಂಚಿತವಾಗಿ ಎಚ್ಚರಿಕೆ, ಡಾಕ್ಟರು-ನರ್ಸುಗಳಿಗೆ ತರಬೇತಿ, ಕುಡಿಯುವ ನೀರಿನ ಜಾಗಗಳು, ಬಡವರ ಮನೆಯ ಮಾಡಿಗೆ ಬಿಳಿ ಬಣ್ಣ. ನನಗೆ ಇದರಲ್ಲಿ ತುಂಬ ಇಷ್ಟವಾದದ್ದು ಒಂದು ಸಣ್ಣ ಕೆಲಸ. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಬಾಣಂತಿಯರ ವಾರ್ಡು ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿತ್ತು. ಕಾದ ತಾರಸಿಯ ಕೆಳಗೆ ಹಸುಗೂಸುಗಳು. ಆ ವಾರ್ಡನ್ನು ಕೆಳಗಿನ ಮಹಡಿಗೆ ತಂದರು. ಸೆಕೆಯಿಂದ ಐಸಿಯು ಸೇರುವ ಮಕ್ಕಳು ಕಮ್ಮಿಯಾದರು. ಹೊಸ ಯಂತ್ರ ಇಲ್ಲ, ಟೆಂಡರ್ ಇಲ್ಲ. ಮಂಚ ಇಳಿಸಿದರು, ಅಷ್ಟೇ. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ, ತಾಲೂಕು ಆಸ್ಪತ್ರೆಗಳಲ್ಲಿ ಯಾವ ವಾರ್ಡು ಯಾವ ಮಹಡಿಯಲ್ಲಿದೆ ಅಂತ ಮೇ ತಿಂಗಳಲ್ಲಿ ಒಮ್ಮೆ ಸುತ್ತಿ ಬಂದರೆ ಸಾಕು, ಅರ್ಧ ಕೆಲಸ ಆದಂತೆ.

ಇನ್ನು ಉಷ್ಣಾಂಶದ ವಿಷಯ. ಪೇಪರಿನಲ್ಲಿ ಬರುವ 39 ಡಿಗ್ರಿ ಎಲ್ಲಿಯದು? ಹವಾಮಾನ ಇಲಾಖೆಯವರು ಅಳೆಯುವುದು ನೆರಳಿನಲ್ಲಿ. ಬಯಲಲ್ಲಿ ನಿಲ್ಲಿಸಿದ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ. ಊರಿಂದ ಊರಿಗೆ ಹೋಲಿಸಲು ಅದೇ ಸರಿಯಾದ ರೀತಿ. ಆದರೆ ಆ ಪೆಟ್ಟಿಗೆಯೊಳಗೆ ಯಾರೂ ಕೆಲಸ ಮಾಡುವುದಿಲ್ಲ. ಅಮರಗೋಳದ ಎಪಿಎಂಸಿಯಲ್ಲಿ ಹಮಾಲರು ಕಾದ ಕಾಂಕ್ರೀಟಿನ ಮೇಲೆ ಚೀಲ ಹೊತ್ತು ಓಡಾಡುತ್ತಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಭರಾಟೆ ಇರುವುದೇ ಬೇಸಿಗೆಯ ಹೊತ್ತಿಗೆ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಬಂದು ತಗಡಿನ ಶೆಡ್ಡುಗಳಲ್ಲಿ ಕೂತು ತೊಟ್ಟು ಬಿಡಿಸುತ್ತಾರೆ. ಘಾಟಿಗೆ ಮೂಗು-ಬಾಯಿ ಮುಚ್ಚಿ ಸೆರಗು ಕಟ್ಟಿಕೊಂಡಿರುತ್ತಾರೆ. ಮೇಲೆ ತಗಡು, ಮೈಮೇಲೆ ಗಂಡಸರ ಅಂಗಿ, ಕೈತುಂಬ ಖಾರ. ಕೂಲಿ ತೂಕದ ಮೇಲೆ. ಕೆಲಸ ಬಿಟ್ಟು ಎದ್ದಷ್ಟೂ ಕೂಲಿ ಕಮ್ಮಿ.

ಅವರಿಗೆ ‘ನೀರು ಜಾಸ್ತಿ ಕುಡೀರಿ’ ಅಂತ ಬೋರ್ಡು ಹಾಕುವುದು ಸುಲಭ. ಒಬ್ಬ ಹೆಣ್ಣುಮಗಳು ನನಗೆ ಹೇಳಿದ್ದು: ‘ನೀರು ಕುಡದ್ರ ಒಂದಕ್ಕ ಎಲ್ಲಿ ಹೋಗೂದ್ರೀ ಅಕ್ಕಾ? ಅದಕ್ಕ ಸಂಜಿ ತನಕಾ ತಡಕೊಂತೀವಿ.’ ಸರಿಯಾದ ಶೌಚಾಲಯ ಹತ್ತಿರ ಇಲ್ಲ ಅಂತ ನೀರು ಬಿಡುವ ಹೆಣ್ಣುಮಕ್ಕಳು ಹೊಲದಲ್ಲಿದ್ದಾರೆ, ಕಟ್ಟಡ ಕೆಲಸದಲ್ಲಿದ್ದಾರೆ, ಸಂತೆಯಲ್ಲಿದ್ದಾರೆ. ಇವರಿಗೆ ಉರಿಮೂತ್ರ ಆಗುತ್ತದೆ, ಕಿಡ್ನಿಗೆ ಸೋಂಕು ಏರುತ್ತದೆ. ಆ ಚೀಟಿಯಲ್ಲಿಯೂ ಬಿಸಿಲಿನ ಹೆಸರಿರುವುದಿಲ್ಲ. ಶೌಚಾಲಯದ್ದಂತೂ ಮೊದಲೇ ಇಲ್ಲ.

ಈಗ ಆಂಬುಲೆನ್ಸಿನ ಮಾತಿಗೆ ಬರುತ್ತೇನೆ. ಬಿಸಿಲು ಬಡಿದು ಮೈಯೊಳಗಿನ ಉಷ್ಣ 40 ಡಿಗ್ರಿ ದಾಟಿ, ಮನುಷ್ಯ ಬಡಬಡಿಸತೊಡಗಿದರೆ, ತೊದಲಿದರೆ, ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ ಅದು ‘ಉಷ್ಣ ಆಗೇದ’ ಅನ್ನುವ ಮಾತಲ್ಲ. ಮಿದುಳು ಬೇಯುತ್ತಿದೆ ಅಂತಲೇ ತಿಳಿಯಬೇಕು. ಚರ್ಮ ಒಣಗಿರಲೇಬೇಕು ಅಂತಿಲ್ಲ. ದುಡಿಯುತ್ತಾ ಬಿದ್ದವರ ಮೈ ಬೆವರಿನಿಂದ ತೊಯ್ದಿರಬಹುದು. ಮೊದಲ ಅರ್ಧ ತಾಸಿನೊಳಗೆ ಮೈ ತಣಿಸಿದರೆ ಉಳಿಯುವವರು ತುಂಬಾ ಜಾಸ್ತಿ. ತಡವಾದಷ್ಟೂ ಲಿವರ್, ಕಿಡ್ನಿ ಒಂದೊಂದಾಗಿ ಹೋಗುತ್ತವೆ. ಅದಕ್ಕೇ ಈ ಒಂದು ಕಾಯಿಲೆಯಲ್ಲಿ ಜಗತ್ತಿನೆಲ್ಲೆಡೆ ವೈದ್ಯರು ಹೇಳುವುದು: ಮೊದಲು ತಣಿಸಿ, ಆಮೇಲೆ ಸಾಗಿಸಿ.

ನಾವು ಮಾಡುವುದು ಉಲ್ಟಾ. ಯಾರಾದರೂ ಬಿದ್ದರೆ ಸುತ್ತ ಹತ್ತಿಪ್ಪತ್ತು ಜನ ನಿಂತು ಬರುವ ಗಾಳಿಯನ್ನೂ ತಡೆಯುತ್ತೇವೆ. ಒಬ್ಬರು ಉಳ್ಳಾಗಡ್ಡಿ ಕೊಯ್ದು ಮೂಸಿಸುತ್ತಾರೆ. ಇನ್ನೊಬ್ಬರು ಎಚ್ಚರವಿಲ್ಲದವನ ಬಾಯಿಗೆ ನೀರು ಸುರಿಯುತ್ತಾರೆ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮತ್ತೊಬ್ಬರು ಜ್ವರದ ಗುಳಿಗೆ ಕೊಡುತ್ತಾರೆ. ಜ್ವರದ ಬಿಸಿ ಬೇರೆ, ಬಿಸಿಲಿನ ಬಿಸಿ ಬೇರೆ. ಆ ಗುಳಿಗೆ ಇಲ್ಲಿ ಕೆಲಸ ಮಾಡುವುದಿಲ್ಲ. ಎಲ್ಲರೂ ರಸ್ತೆ ನೋಡುತ್ತಾ ಗಾಡಿ ಯಾವಾಗ ಬರುತ್ತದೆ ಅಂತ ಕಾಯುತ್ತಾರೆ.

108ಕ್ಕೆ ಫೋನ್ ಮಾಡಲೇಬೇಕು, ಮೊದಲ ಕೆಲಸವೇ ಅದು. ಆದರೆ ಗಾಡಿಗೂ ದಾರಿ ಬೇಕು. ಹುಬ್ಬಳ್ಳಿಯಲ್ಲಿ ಚೆನ್ನಮ್ಮ ಸರ್ಕಲ್ ಸುತ್ತ ಮೇಲ್ಸೇತುವೆ ಕೆಲಸ ಶುರುವಾದ ಮೇಲೆ ಗಾಡಿ ಹೇಗೆ ದಾಟುತ್ತದೆ ಅಂತ ನೋಡಿದವರಿಗೆ ಗೊತ್ತು. ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಯಿಂದ ಗದಗದ ಜಿಮ್ಸ್ ಆಸ್ಪತ್ರೆ ತಲುಪಬೇಕಾದರೆ ಆ ಅರ್ಧ ತಾಸು ದಾರಿಯಲ್ಲೇ ಕಳೆದಿರುತ್ತದೆ. ಅಲ್ಲಿಂದ ಹುಬ್ಬಳ್ಳಿಯ ಕಿಮ್ಸ್‌ಗೆ ಬರೆದುಕೊಟ್ಟರೆ ಇನ್ನೊಂದು ಪಯಣ. ಹೆಸರು ಬದಲಾಗಿದ್ದರೂ ಜನ ಕಿಮ್ಸ್ ಅಂತಲೇ ಕರೆಯುವ, 1957ರಿಂದ ಇರುವ ಆ ಆಸ್ಪತ್ರೆಯ ಅಂಗಳದಲ್ಲಿ ಒಂದು ಮಧ್ಯಾಹ್ನ ನಿಂತರೆ ಸಾಕು, ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆ ಎಲ್ಲ ಕಡೆಯ ಗಾಡಿಗಳೂ ಕಾಣುತ್ತವೆ.

ಗಾಡಿಯೂ ಬಿಸಿಲಿಗೆ ಹೊರತಲ್ಲ. ಅದರಲ್ಲಿಟ್ಟ ಬಹಳಷ್ಟು ಔಷಧಿಗಳನ್ನು 25 ಇಲ್ಲವೇ 30 ಡಿಗ್ರಿ ದಾಟದ ಕಡೆ ಇಡಬೇಕು. ಮರದ ನೆರಳಿಲ್ಲದ ಕಡೆ ನಿಲ್ಲಿಸಿದ ಗಾಡಿಯೊಳಗೆ ಏನಾಗುತ್ತದೆ ಅಂತ ಕೇಳಿದ್ದಕ್ಕೆ ನಮ್ಮ ಪೈಲಟ್ ನಕ್ಕ. ‘ಹಿಂದಿನ ಬಾಗಲಾ ತಗದ ಕೂಡ್ಲೆ ಝಳ ಮಾರಿಗಿ ಹೊಡಿತದ್ರೀ. ಪೇಶಂಟ್ ಬ್ಯಾಡ, ನಮಗ ಚಕ್ಕರ್ ಬರ್ತದ.’ ಹನ್ನೆರಡು ತಾಸಿನ ಪಾಳಿ, ಮೈಮೇಲೆ ದಪ್ಪನೆಯ ಸಮವಸ್ತ್ರ. ಗಾಡಿ ನಿಲ್ಲಿಸಲು ಒಂದು ನೆರಳಿನ ಜಾಗ ಗುರುತು ಮಾಡಿ ಕೊಡುವುದು ಯಾವ ಊರಿಗೂ ಭಾರ ಅಲ್ಲ, ಅಲ್ವಾ?

ಗಾಡಿ ಬರುವ ತನಕ ಬೇಕಾದದ್ದು ಎರಡೇ, ನೀರು ಮತ್ತು ಗಾಳಿ. ಬಿದ್ದವರನ್ನು ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಗಾಳಿ ಹಾಕುತ್ತಾ ಇರಬೇಕು. ರಟ್ಟಾದರೂ ಆಯಿತು, ಟವೆಲ್ ಆದರೂ ಆಯಿತು. ಬರ್ಫ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಇಡಬೇಕು. ಗಟ್ಟಿಮುಟ್ಟಾದ ಹುಡುಗ ಓಡುತ್ತಲೋ ದುಡಿಯುತ್ತಲೋ ಬಿದ್ದಿದ್ದರೆ ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಕೂರಿಸುವುದು ಎಲ್ಲಕ್ಕಿಂತ ಒಳ್ಳೆಯದು, ತಲೆ ನೀರಿನಿಂದ ಮೇಲೆ ಇರುವಂತೆ ಹಿಡಿದುಕೊಂಡು. ಬರೀ ಸುಸ್ತಾಗಿ, ಎಚ್ಚರ ಇದ್ದು ಮಾತಾಡುವವರಿಗೆ ಓಆರ್‌ಎಸ್. ಪ್ಯಾಕೆಟ್ ಇಲ್ಲದಿದ್ದರೆ 1 ಲೀಟರ್ ನೀರಿಗೆ ಮಟ್ಟಸವಾದ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದ ಅಳತೆ. ಉಪ್ಪು ಹಾಕಿದ ನೀರುಮಜ್ಜಿಗೆಯೂ ನಡೆಯುತ್ತದೆ. ಅಂಗಡಿಯಲ್ಲಿ ಸಿಹಿ ಶರಬತ್ತಿಗೆ ಓಆರ್‌ಎಸ್ ಅಂತ ಹೆಸರು ಹಾಕಿ ಮಾರುತ್ತಿದ್ದದ್ದನ್ನು 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ನಿಲ್ಲಿಸಿತು. ಇಷ್ಟು ವರ್ಷ ಹೇಗೆ ನಡೆಯಿತು ಅನ್ನುವುದೇ ಸೋಜಿಗ.

ನೀರು ಅಂದೆನಲ್ಲ. ತೊಡಕು ಇರುವುದೇ ಇಲ್ಲಿ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 24 ತಾಸು ನೀರು ಶುರುವಾಗಿ ಎಷ್ಟೋ ವರ್ಷ ಆಯಿತು. ಉಳಿದ ಕಡೆ ನಲ್ಲಿ ಬರುವ ದಿನ ಕಾಯುತ್ತಾರೆ. ಗದಗ-ಬೆಟಗೇರಿಯಲ್ಲಿ ನೀರಿಗೆ ವಾರ ದಾಟುವುದು ಯಾರಿಗೂ ಸುದ್ದಿಯೇ ಅಲ್ಲ. ಬ್ಯಾರಲ್ಲಿನಲ್ಲಿ ತುಂಬಿಟ್ಟ ನೀರನ್ನು ತಂಬಿಗೆ ಲೆಕ್ಕದಲ್ಲಿ ಬಳಸುವ ಮನೆಯವರಿಗೆ ‘ಮೈತುಂಬ ಸುರೀರಿ, ಮತ್ತೆ ಮತ್ತೆ ಸುರೀರಿ’ ಅಂತ ಹೇಳುವಾಗ ನನಗೇ ನಾಲಿಗೆ ತಡೆಯುತ್ತದೆ. ನೀರಿನ ಪೂರೈಕೆಯನ್ನು ನಾವು ಇಂಜಿನಿಯರುಗಳ ವಿಷಯ ಅಂದುಕೊಂಡಿದ್ದೇವೆ. ಬೇಸಿಗೆಯಲ್ಲಾದರೂ ಅದು ಡಾಕ್ಟರುಗಳ ವಿಷಯ. ಬೀದಿ ಅರವಟಿಗೆ ಕೂಡ. ಮೊದಲು ಗುಡಿ, ಅಂಗಡಿ, ಸಂಘದವರು ಹರವಿ ಇಟ್ಟು ಕೆಂಪು ವಸ್ತ್ರ ಸುತ್ತುತ್ತಿದ್ದರು. ಈಗಲೂ ಅಲ್ಲಲ್ಲಿ ಇಡುತ್ತಾರೆ. ಉದ್ಘಾಟನೆಯ ಫೋಟೋ ಆದ ವಾರಕ್ಕೆ ತಳ ಕಾಣುತ್ತದೆ.

ರಾತ್ರಿಯದ್ದು ಬೇರೆಯೇ ಕಥೆ. ಹಗಲು ಕಾದ ಮೈಗೆ ರಾತ್ರಿ ತಂಪು ಸಿಗದಿದ್ದರೆ ಮರುದಿನದ ಬಿಸಿಲನ್ನು ತಡೆಯಲು ಶಕ್ತಿ ಉಳಿದಿರುವುದಿಲ್ಲ. ಗದಗ ಸೀಮೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆ, ಬೆಳಕಿಂಡಿ ಇರುತ್ತಿತ್ತು. ಬೇಸಿಗೆಗೆ ಮೇಲೆ ಹೋಗಿ ಮಲಗುವ ರೂಢಿ ಇತ್ತು. ಅವನ್ನು ಕೆಡವಿ ಆರ್‌ಸಿಸಿ ಹಾಕಿದೆವು. ದುಡ್ಡಿಲ್ಲದವರು ತಗಡು ಹಾಕಿದರು. ತಗಡು ಬೇಗ ಆರುತ್ತದೆ, ಆದರೆ ಹಗಲಲ್ಲಿ ಒಳಗೆ ಕೂರಲು ಆಗುವುದಿಲ್ಲ. ಆರ್‌ಸಿಸಿ ಮಧ್ಯರಾತ್ರಿಯವರೆಗೆ ಬಿಸಿ ಕಕ್ಕುತ್ತದೆ. ತಾರಸಿಗೆ ಸುಣ್ಣ ಬಳಿದರೆ ಒಳಗೆ ನಿಜಕ್ಕೂ ಕಮ್ಮಿಯಾಗುತ್ತದೆ, ಖರ್ಚೂ ಹೆಚ್ಚಲ್ಲ. ಮಾಳಿಗೆ ಮನೆಗೆ ಮರಳಿ ಅಂತ ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ಸೋರುವ ಜಂತಿಯ ಕೆಳಗೆ ಪಾತ್ರೆ ಇಟ್ಟವರಿಗೆ ಆ ಮೋಹ ಇರುವುದಿಲ್ಲ.

ವ್ಯವಸ್ಥೆ ಮಾಡಲು ಆಗುವುದಿಲ್ಲ ಅನ್ನುವವರಿಗೆ ಒಂದು ದಿನ ನೆನಪು ಮಾಡುತ್ತೇನೆ. 2024ರ ಮೇ 7, ನಮ್ಮ ಭಾಗದಲ್ಲಿ ಲೋಕಸಭೆಯ ಮತದಾನ. ಸುಡುವ ಬಿಸಿಲು. ಮತಗಟ್ಟೆಗಳಲ್ಲಿ ನೆರಳು, ಕುಡಿಯುವ ನೀರು ಇರಬೇಕು ಅಂತ ಚುನಾವಣಾ ಆಯೋಗವೇ ಸೂಚಿಸಿತ್ತು. ಶಾಮಿಯಾನ ಬಂತು, ಕ್ಯಾನುಗಳು ಬಂದವು, ಓಆರ್‌ಎಸ್ ಹಿಡಿದು ಆಶಾ ಕಾರ್ಯಕರ್ತೆಯರು ಕೂತರು. ಹಳ್ಳಿಹಳ್ಳಿಗೂ ಮುಟ್ಟಿತು. ಮರುದಿನ ಶಾಮಿಯಾನ ಬಿಚ್ಚಿದರು. ಬಿಸಿಲು ಮಾತ್ರ ಅಲ್ಲೇ ಇತ್ತು.

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ 108ರಲ್ಲಿ ಒಂದು ಬರ್ಫದ ಡಬ್ಬಿ, ನೀರು ಚಿಮುಕಿಸುವ ಬಾಟಲಿ. ಮಾರ್ಚಿನಿಂದ ಜೂನ್‌ವರೆಗೆ ಕೇಸ್ ಪೇಪರಿನಲ್ಲಿ ಮೈ ಉಷ್ಣ ಎಷ್ಟಿತ್ತು, ಎಲ್ಲಿ ಬಿದ್ದರು, ಎಷ್ಟು ಹೊತ್ತು ಬಿಸಿಲಲ್ಲೋ ತಗಡಿನ ಕೆಳಗೋ ಇದ್ದರು ಅಂತ ಒಂದು ಸಾಲು. ಬಿಸಿಲಿನ ಕಾಯಿಲೆಯನ್ನು ವರದಿ ಮಾಡುವ ಪದ್ಧತಿ ದೇಶದಲ್ಲಿ 2015ರಿಂದ ಇದೆ. ಬರೆಯುವವರು ಬರೆದರೆ ತಾನೇ ಮೇಲೆ ಹೋಗುವುದು?

ಮತ್ತೆ ದುಡಿಯುವ ಹೊತ್ತು. ಹನ್ನೆರಡರಿಂದ ಮೂರರ ತನಕ ಚೀಲ ಎತ್ತುವುದು ನಿಲ್ಲಿಸಿದರೆ ಹೇಗೆ ಅಂತ ಅಮರಗೋಳದಲ್ಲಿ ಒಬ್ಬ ಹಿರಿಯ ಹಮಾಲರನ್ನು ಕೇಳಿದೆ. ಅವರು ತಲೆಗೆ ಕಟ್ಟಿದ ವಸ್ತ್ರ ಬಿಚ್ಚಿ ಹಿಂಡಿದರು.

‘ನಿಲ್ಲಸ್ರಿ ಅಕ್ಕಾರ, ಛಲೋನ ಆತು. ಆದ್ರ ಲಾರಿಯಂವ ನಿಲ್ಲಾಂಗಿಲ್ಲ, ನಮ್ಮ ಕೂಲಿ ಚೀಲದ ಮ್ಯಾಲ. ಆ ಮೂರು ತಾಸಿನ ರೊಕ್ಕಾ ಅಡತಿ ಅಂಗಡಿಯವ್ರು ಕೊಡ್ತಾರೇನು, ಸರಕಾರದವ್ರು ಕೊಡ್ತಾರೇನು? ಮೊದಲ ಅದನ್ನ ಕೇಳಕೊಂಡ ಬರ್ರಿ.’

ಎಪಿಎಂಸಿಯಲ್ಲಿ ಕೇಳಿದೆ. ಕಾರ್ಮಿಕ ಇಲಾಖೆಯವರನ್ನು ಕೇಳಿ ಅಂದರು. ಅಲ್ಲಿಗೆ ಅರ್ಜಿ ಬರೆದಿದ್ದೇನೆ. ಬಿಸಿಲಿನ ಅಂತ ಬೇರೆ ವಿಷಯ ಇಲ್ಲವಂತೆ, ‘ಇತರೆ’ಯಲ್ಲಿ ತೆಗೆದುಕೊಂಡಿದ್ದಾರೆ.